ಒಂಬತ್ತನೇ ತರಗತಿಯ ಆರು ವಿಷಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಪೋಷಕರ ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ, ಸಂತೆಯಲ್ಲಿ, ಫೋನಿನಲ್ಲಿ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೆಲವನ್ನು ಮಕ್ಕಳೇ ಕೇಳಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಇದೆಲ್ಲ ನಮ್ಮ ರಾಜ್ಯ ಪಠ್ಯಕ್ರಮದ ಬಗ್ಗೆ. ಸಿಬಿಎಸ್‌ಇ ಬಗ್ಗೆ ಕೊನೆಯ ಭಾಗದಲ್ಲಿ ಒಂದು ಪ್ರಶ್ನೆ ಇದೆ.

## ಮೊದಲು ತಿಳಿಯಬೇಕಾದದ್ದು

ಒಂಬತ್ತನೇ ಕ್ಲಾಸಲ್ಲಿ ಒಟ್ಟು ಎಷ್ಟು ಸಬ್ಜೆಕ್ಟು ಮೇಡಂ?

ಆರು. ಪ್ರಥಮ ಭಾಷೆ, ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್, ಹಿಂದಿ ಈ ಕ್ರಮದಲ್ಲಿ ಬರುತ್ತವೆ. ದೈಹಿಕ ಶಿಕ್ಷಣ, ಚಿತ್ರಕಲೆಯಂಥವೂ ಇವೆ. ಆದರೆ ಎಸ್ಸೆಸ್ಸೆಲ್ಸಿ ಬೋರ್ಡಿನವರೆಗೆ ಮಗುವಿನ ಜೊತೆ ಬರುವುದು ಈ ಆರು. ಕೆಲವು ಸರ್ಕಾರಿ ಶಾಲೆಗಳಲ್ಲಿ ತೃತೀಯ ಭಾಷೆಯ ಜಾಗದಲ್ಲಿ ಐಟಿ, ಆಟೊಮೊಬೈಲ್, ರೀಟೇಲ್ ತರಹದ ವೃತ್ತಿ ವಿಷಯವೂ ಇರುತ್ತದೆ.

625 ಅಂಕ ಅಂತಾರಲ್ಲ, ಆ 25 ಎಲ್ಲಿಂದ ಬಂತು?

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಉಳಿದ ಐದು ವಿಷಯಕ್ಕೆ ನೂರು ನೂರು. ಸೇರಿಸಿದರೆ 625. ಪ್ರಥಮ ಭಾಷೆಯಲ್ಲಿ 100 ಅಂಕ ಲಿಖಿತ ಪರೀಕ್ಷೆಗೆ, 25 ಆಂತರಿಕ. ಉಳಿದವುಗಳಲ್ಲಿ 80 ಲಿಖಿತ, 20 ಆಂತರಿಕ.

ಸಂಸ್ಕೃತ ಫಸ್ಟ್ ಲ್ಯಾಂಗ್ವೇಜ್ ತಗೊಂಡ್ರೆ 125ಕ್ಕೆ 125 ಬರುತ್ತಂತೆ, ಬದಲಾಯಿಸಬಹುದಾ?

ಎಂಟನೇ ತರಗತಿಯಲ್ಲಿ ತೆಗೆದುಕೊಂಡ ಭಾಷೆಯೇ ಸಾಮಾನ್ಯವಾಗಿ ಹತ್ತರವರೆಗೆ ನಡೆಯುತ್ತದೆ. ಒಂಬತ್ತರ ನಡುವೆ ಬದಲಾಯಿಸಲು ಹೋದರೆ ಮಗು ಒಂದು ವರ್ಷದ ಪಾಠವನ್ನು ತಾನೇ ಕಲಿಯಬೇಕಾಗುತ್ತದೆ. ಮಗುವಿಗೆ ಆ ಭಾಷೆಯಲ್ಲಿ ಆಸಕ್ತಿ ಇದ್ದರೆ ಖಂಡಿತ ಓದಲಿ. ಬರೀ ಅಂಕಕ್ಕಾಗಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ಮಾತು: 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಇರಲೇಬೇಕು. ಹಾಗಾಗಿ ಕನ್ನಡ ಎಲ್ಲೂ ಹೋಗುವುದಿಲ್ಲ.

ಮಗ ಆರ್‌ಟಿಇ ಸೀಟಿನಲ್ಲಿ ಓದ್ತಿದ್ದ. ಒಂಬತ್ತಕ್ಕೆ ಬಂದ ಮೇಲೆ ಫೀಸ್ ಕೇಳ್ತಿದ್ದಾರೆ. ಸರೀನಾ?

ಪ್ರತಿ ಜೂನ್‌ನಲ್ಲಿ ಈ ಪ್ರಶ್ನೆ ಬರುತ್ತದೆ, ಕೇಳುವವರ ಕಣ್ಣಲ್ಲಿ ನೀರು ಇರುತ್ತದೆ. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಒಂದರಿಂದ ಎಂಟನೇ ತರಗತಿವರೆಗೆ. ಖಾಸಗಿ ಶಾಲೆಯಲ್ಲಿ ಆ ಸೀಟಿನ ಖರ್ಚನ್ನು ಸರ್ಕಾರ ಕೊಡುವುದು ಎಂಟರಲ್ಲಿ ನಿಲ್ಲುತ್ತದೆ. ಆದ್ದರಿಂದ ಫೀಸ್ ಕೇಳುವುದು ಕಾನೂನಿಗೆ ವಿರುದ್ಧ ಅಲ್ಲ. ಮಗು ಏಳರಲ್ಲಿ ಇರುವಾಗಲೇ ಮುಂದಿನ ದಾರಿ ಯೋಚಿಸಿಟ್ಟುಕೊಳ್ಳಿ. ಕಟ್ಟಲು ಆಗದಿದ್ದರೆ ಟಿಸಿ ತೆಗೆದುಕೊಂಡು ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಸೇರಿಸಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನ ಇದೆ. ಎಂಟನೇ ತರಗತಿಯಲ್ಲಿ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ವರ್ಷದ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಎಷ್ಟೋ ಅರ್ಹ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಅದು ನನಗೆ ತುಂಬಾ ಬೇಸರದ ವಿಷಯ.

ಎಫ್‌ಎ, ಎಸ್‌ಎ ಅಂದ್ರೇನು?

ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ, ವರ್ಷಕ್ಕೆ ನಾಲ್ಕು. ಪಾಠ ನಡೆಯುವಾಗಲೇ ಕಿರುಪರೀಕ್ಷೆ, ಚಟುವಟಿಕೆ, ಪ್ರಾಜೆಕ್ಟ್ ಮೂಲಕ ನೋಡುವುದು. ಎಸ್‌ಎ ಅಂದರೆ ಸಂಕಲನಾತ್ಮಕ ಮೌಲ್ಯಮಾಪನ. ಅರ್ಧ ವರ್ಷಕ್ಕೆ ಒಂದು, ಕೊನೆಗೆ ಒಂದು. ಮನೆಯಲ್ಲಿ ಎಲ್ಲರೂ ಎಸ್‌ಎ ಅಂಕ ಮಾತ್ರ ಕೇಳುತ್ತಾರೆ. ಆದರೆ ಮಗು ಎಲ್ಲಿ ಎಡವುತ್ತಿದೆ ಅಂತ ಬೇಗ ಗೊತ್ತಾಗುವುದು ಎಫ್‌ಎಯಲ್ಲಿ. ಆ ಉತ್ತರ ಪತ್ರಿಕೆ ಕೇಳಿ ನೋಡಿ.

ಹತ್ತನೇ ಕ್ಲಾಸೇ ಮುಖ್ಯ ಅಲ್ವಾ? ಒಂಬತ್ತು ಹೇಗೋ ದಾಟಿದ್ರೆ ಸಾಕಲ್ಲ?

ಇಷ್ಟೆಲ್ಲ ಬರೆಯಲು ಕೂತಿದ್ದೇ ಈ ಪ್ರಶ್ನೆಗಾಗಿ. ಸಾಕಾಗುವುದಿಲ್ಲ. ಯಾಕೆ ಅಂದರೆ, ಒಂಬತ್ತರಲ್ಲಿ ಬರುವ ಎಷ್ಟೋ ಪಾಠ ಹತ್ತರಲ್ಲಿ ಮತ್ತೆ ಬರುವುದಿಲ್ಲ.

ವಿಜ್ಞಾನ ಪುಸ್ತಕ ತೆಗೆದು ನೋಡಿ. ಚಲನೆ, ಬಲ ಮತ್ತು ಚಲನೆಯ ನಿಯಮಗಳು, ಗುರುತ್ವ, ಕೆಲಸ ಮತ್ತು ಶಕ್ತಿ, ಶಬ್ದ. ಇವೆಲ್ಲ ಒಂಬತ್ತರಲ್ಲಿವೆ. ಹತ್ತರ ಭೌತಶಾಸ್ತ್ರದಲ್ಲಿ ಬೆಳಕು, ವಿದ್ಯುತ್, ಕಾಂತತ್ವ. ಹಾಗಾದರೆ ಚಲನೆ ಮತ್ತೆ ಎಲ್ಲಿ ಸಿಗುತ್ತದೆ? ನೇರವಾಗಿ ಪ್ರಥಮ ಪಿಯುಸಿಯಲ್ಲಿ. ಅಲ್ಲಿ ಇಂಗ್ಲಿಷ್‌ನಲ್ಲಿ, ಹೆಚ್ಚು ಗಣಿತದ ಜೊತೆ, ದುಪ್ಪಟ್ಟು ವೇಗದಲ್ಲಿ. ಜೀವಕೋಶ, ಅಂಗಾಂಶದ ಕಥೆಯೂ ಅಷ್ಟೇ. ಪರಮಾಣುವಿನ ರಚನೆ ಒಂಬತ್ತರಲ್ಲಿ ಸರಿಯಾಗಿ ಆಗದಿದ್ದರೆ ಹತ್ತರ ರಸಾಯನಶಾಸ್ತ್ರದಲ್ಲಿ ಸೋಡಿಯಂ ಯಾಕೆ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ ಅನ್ನುವುದು ಬರೀ ಬಾಯಿಪಾಠ ಆಗುತ್ತದೆ.

ಸಮಾಜದಲ್ಲೂ ಹಾಗೇ. ಕರ್ನಾಟಕದ ಭೂಗೋಳ ಒಂಬತ್ತರಲ್ಲಿ, ಭಾರತದ ಭೂಗೋಳ ಹತ್ತರಲ್ಲಿ. ಮುಂದೆ ಪೊಲೀಸ್, ಎಫ್‌ಡಿಎ, ಕೆಎಎಸ್ ಪರೀಕ್ಷೆ ಬರೆಯುವವರು ಹುಡುಕಿಕೊಂಡು ಬಂದು ಓದುವುದು ಇದೇ ಒಂಬತ್ತರ ಪುಸ್ತಕ.

ಹತ್ತನೇ ತರಗತಿಯಲ್ಲಿ ಹಳೇದನ್ನು ಸರಿಮಾಡಲು ಪುರುಸೊತ್ತು ಇರುವುದಿಲ್ಲ. ಒಂಬತ್ತರಲ್ಲಿ ಇರುತ್ತದೆ.

## ಗಣಿತ

ಏಳನೇ ಕ್ಲಾಸಿನವರೆಗೂ ಗಣಿತದಲ್ಲಿ ಚೆನ್ನಾಗಿದ್ದಳು. ಈಗ ಯಾಕೆ ಹೀಗಾಯ್ತು?

ಹೋದ ವರ್ಷ ನನ್ನ ತರಗತಿಯ ಒಬ್ಬಳು ಹುಡುಗಿ ಬೀಜಗಣಿತದ ಲೆಕ್ಕ ಮಾಡುತ್ತಿದ್ದಳು. ಎಲ್ಲ ಹೆಜ್ಜೆ ಸರಿ, ಉತ್ತರ ಮಾತ್ರ ತಪ್ಪು. ಪಕ್ಕದಲ್ಲಿ ಕೂತು ನೋಡಿದೆ. −3 − 5 ಬಂದ ಕಡೆ +8 ಅಂತ ಬರೆದಿದ್ದಳು. 'ಯಾಕಮ್ಮಾ?' ಅಂದೆ. 'ಮೈನಸ್ ಮೈನಸ್ ಪ್ಲಸ್ ಅಲ್ವಾ ಮಿಸ್?' ಅಂದಳು.

ನೋಡಿ, ಆ ನಿಯಮ ಸುಳ್ಳಲ್ಲ. ಗುಣಾಕಾರದ ನಿಯಮ ಅದು. ಅದನ್ನು ಆರು, ಏಳನೇ ತರಗತಿಯಲ್ಲಿ ಕೇಳಿಸಿಕೊಂಡಳು, ಕೂಡುವ ಕಡೆಗೂ ಹಚ್ಚಿಕೊಂಡಳು. ಎರಡು ವರ್ಷ ಅದೇ ತಪ್ಪು ಅವಳ ಜೊತೆ ಬಂತು. ನಾನು ಅವಳಿಗೆ ಹೊಸ ಪಾಠ ಹೇಳಲಿಲ್ಲ. 'ಅಂಗಡಿಯಲ್ಲಿ 3 ರೂಪಾಯಿ ಸಾಲ ಇದೆ. ಮತ್ತೆ 5 ರೂಪಾಯಿ ಸಾಲ ಮಾಡಿದೆ. ಈಗ ನಿನ್ನ ಕೈಯಲ್ಲಿ 8 ರೂಪಾಯಿ ಇದೆಯಾ?' ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ರಬ್ಬರ್ ತೆಗೆದುಕೊಂಡು ಆ ಪುಟದ ಏಳು ಕಡೆ ತಾನೇ ಅಳಿಸಿ ಸರಿಮಾಡಿದಳು.

ಒಂಬತ್ತರ ಗಣಿತ ಕಷ್ಟ ಅನ್ನಿಸುವ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಒಂಬತ್ತರ ಪಾಠ ಕಷ್ಟವಲ್ಲ. ಹಿಂದಿನ ತರಗತಿಯ ಯಾವುದೋ ಒಂದು ಕೊಂಡಿ ಬಿಟ್ಟುಹೋಗಿರುತ್ತದೆ. ಮನೆಯಲ್ಲಿ ಈ ಐದು ಲೆಕ್ಕ ಕೊಟ್ಟು ನೋಡಿ: −3 − 5 ಎಷ್ಟು? ಅರ್ಧ ಮತ್ತು ಮೂರನೇ ಒಂದು ಭಾಗ ಸೇರಿದರೆ ಎಷ್ಟು? 350ರ ಶೇಕಡ 20 ಎಷ್ಟು? ಯಾವ ಸಂಖ್ಯೆಯ ಎರಡರಷ್ಟಕ್ಕೆ 5 ಕೂಡಿದರೆ 17? (ಎ + ಬಿ)² ಬಿಡಿಸಿದರೆ ಏನು ಬರುತ್ತದೆ? ಎರಡನೆಯದಕ್ಕೆ ಐದರಲ್ಲಿ ಎರಡು ಭಾಗ ಅಂತ ಬರೆದರೆ ಭಿನ್ನರಾಶಿ ಮೊದಲಿನಿಂದ ಹೇಳಿಕೊಡಬೇಕು. ಸರಿ ಉತ್ತರ ಆರರಲ್ಲಿ ಐದು ಭಾಗ. ಕೊನೆಯದರಲ್ಲಿ ನಡುವಿನ 2ಎಬಿ ಬಿಟ್ಟುಬಿಟ್ಟರೆ ಬಹುಪದೋಕ್ತಿ ಪಾಠದಲ್ಲಿ ತೊಂದರೆ ಆಗುವುದು ಖಚಿತ.

ಬೈಯಬೇಡಿ. ಯಾವ ಲೆಕ್ಕ ತಪ್ಪಾಯಿತು ಅಂತ ಒಂದು ಚೀಟಿಯಲ್ಲಿ ಬರೆದು ಗಣಿತ ಶಿಕ್ಷಕರಿಗೆ ಕೊಡಿ. ಆ ಚೀಟಿ ನಮಗೆ ತುಂಬಾ ಉಪಕಾರ.

ಪ್ರಮೇಯಗಳನ್ನ ಬಾಯಿಪಾಠ ಮಾಡಿದ್ರೆ ಆಗಲ್ವಾ?

ತ್ರಿಭುಜಕ್ಕೆ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಅಂತ ಹೆಸರಿಟ್ಟ ದಿನ ಬಾಯಿಪಾಠ ಕೈಕೊಡುತ್ತದೆ. ಮೊದಲು ಕೈಯಿಂದ ಮಾಡಿಸಿ. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ದೊಡ್ಡ ತ್ರಿಭುಜ ಕತ್ತರಿಸಿ, ಮೂರು ಮೂಲೆ ಹರಿದು, ತುದಿಗಳನ್ನು ಒಂದೇ ಬಿಂದುವಿನಲ್ಲಿ ಜೋಡಿಸಿದರೆ ನೆಟ್ಟಗೆ ಗೆರೆ ಆಗುತ್ತದೆ. 180 ಡಿಗ್ರಿ. ಆಮೇಲೆ 'ಎಲ್ಲ ತ್ರಿಭುಜಕ್ಕೂ ಹೀಗೇ ಆಗುತ್ತೆ ಅಂತ ಹೇಗೆ ಹೇಳ್ತೀಯ?' ಅಂತ ಕೇಳಿ. ಆ ಪ್ರಶ್ನೆ ಮಗುವಿಗೆ ನಿಜವಾಗಿ ಹುಟ್ಟಿದ ಮೇಲೆ, ಮೇಲಿನ ಶೃಂಗದಲ್ಲಿ ಸಮಾಂತರ ರೇಖೆ ಎಳೆಯುವ ಸಾಧನೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಹೆರಾನನ ಸೂತ್ರ ಎಲ್ಲಾ ಯಾಕೆ ಕಲೀಬೇಕು? ಯಾರು ಉಪಯೋಗಿಸ್ತಾರೆ?

ಊರಲ್ಲಿ ಮೂಲೆ ಜಾಗ ಅಳೆಯುವಾಗ ಬೇಕಾಗುತ್ತದೆ. 30×40 ಸೈಟಾದರೆ ಗುಣಿಸಿದರೆ ಮುಗಿಯಿತು, 1,200 ಚದರ ಅಡಿ. ಹಿತ್ತಲಲ್ಲಿ ತ್ರಿಕೋನಾಕಾರದ ಜಾಗ ಇದ್ದರೆ? ಎತ್ತರ ಅಳೆಯಲು ಲಂಬ ಹಿಡಿಯುವುದು ಕಷ್ಟ. ಮೂರು ಬದಿ ಮಾತ್ರ ಟೇಪ್ ಹಿಡಿದು ಅಳೆಯಿರಿ. 13, 14, 15 ಮೀಟರ್ ಬಂತು ಅಂದುಕೊಳ್ಳಿ. ಕೂಡಿದರೆ 42, ಅದರ ಅರ್ಧ 21. ಈ 21ರಿಂದ ಒಂದೊಂದೇ ಬದಿ ಕಳೆದರೆ 8, 7, 6. ನಾಲ್ಕೂ ಗುಣಿಸಿದರೆ 7,056. ಅದರ ವರ್ಗಮೂಲ 84. ಜಾಗ 84 ಚದರ ಮೀಟರ್. ನಾಲ್ಕು ಬದಿ ಸೊಟ್ಟಗಿದ್ದರೂ ನಡುವೆ ಒಂದು ಹಗ್ಗ ಎಳೆದು ಎರಡು ತ್ರಿಭುಜ ಮಾಡಿಕೊಂಡರೆ ಆಯಿತು. ನಮ್ಮ ಶಾಲೆಯ ಮಕ್ಕಳು ಕೈತೋಟದ ಜಾಗವನ್ನು ಹೀಗೆ ಅಳೆದರು. ಆ ಸೂತ್ರ ಅವರಿಗೆ ಮರೆತಿಲ್ಲ.

## ವಿಜ್ಞಾನ

ಜವ, ವೇಗ, ಎಲ್ಲಾ ಒಂದೇ ಅಲ್ವಾ? ಪುಸ್ತಕದಲ್ಲಿ ಬೇರೆ ಬೇರೆ ಯಾಕೆ?

ಮನೆಯ ಮಾತಿನಲ್ಲಿ ಒಂದೇ. ವಿಜ್ಞಾನದಲ್ಲಿ ಬೇರೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬಸ್ಸು ಎರಡು ಗಂಟೆ ತೆಗೆದುಕೊಂಡರೆ ಸರಾಸರಿ ಜವ ಗಂಟೆಗೆ 35 ಕಿಲೋಮೀಟರ್. ಯಾವ ದಿಕ್ಕು ಅಂತ ಜವ ಹೇಳುವುದಿಲ್ಲ. ವೇಗ ಹೇಳುತ್ತದೆ. ಸಂಜೆ ಅದೇ ಬಸ್ಸಲ್ಲಿ ತುಮಕೂರಿಗೆ ವಾಪಸ್ ಬಂದರೆ ಕ್ರಮಿಸಿದ ದೂರ 140 ಕಿಲೋಮೀಟರ್, ಸ್ಥಾನಪಲ್ಲಟ (ಹೊರಟ ಜಾಗದಿಂದ ಕೊನೆಗೆ ಎಷ್ಟು ಸರಿದಿದ್ದೇವೆ ಅನ್ನುವುದು) ಸೊನ್ನೆ. ಇದನ್ನು ಹೇಳಿದಾಗ ಮಕ್ಕಳು 'ಹಾಗಾದ್ರೆ ಹೋಗೇ ಇಲ್ವಾ?' ಅನ್ನುತ್ತಾರೆ. ಆ ಪ್ರಶ್ನೆ ಬಂದರೆ ಪಾಠ ತಲೆಗೆ ಹೋಗುತ್ತಿದೆ ಅಂತ ಅರ್ಥ.

ಇದೇ ತರಹ ರಾಶಿ ಮತ್ತು ತೂಕ. ನಾವು 'ನನ್ನ ತೂಕ 50 ಕೆಜಿ' ಅನ್ನುತ್ತೇವೆ. ಆ 50 ಕೆಜಿ ನಿಜಕ್ಕೂ ರಾಶಿ. ತೂಕ ಅಂದರೆ ಭೂಮಿ ಎಳೆಯುವ ಬಲ, ಸುಮಾರು 490 ನ್ಯೂಟನ್. ಚಂದ್ರನ ಮೇಲೆ ಹೋದರೆ ತೂಕ ಆರರಲ್ಲಿ ಒಂದು ಭಾಗ ಆಗುತ್ತದೆ, ರಾಶಿ ಅಷ್ಟೇ ಇರುತ್ತದೆ. ಆಡುಮಾತಿನ ಪದ ಮತ್ತು ಪುಸ್ತಕದ ಪದ ಎಲ್ಲಿ ಬೇರೆಯಾಗುತ್ತವೆ ಅಂತ ಗುರುತಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಕನ್ನಡ ಮೀಡಿಯಂ ಹುಡುಗ. ಪಿಯುಸಿ ಸೈನ್ಸ್‌ನಲ್ಲಿ ಒದ್ದಾಡ್ತಾನೆ ಅಂತ ಎಲ್ಲರೂ ಹೆದರಿಸ್ತಾರೆ.

ಹೆದರಬೇಡಿ, ತಯಾರಿ ಮಾಡಿ. ಕನ್ನಡದಲ್ಲಿ ವಿಷಯ ಅರ್ಥವಾಗಿದ್ದರೆ ಅವನ ಹತ್ತಿರ ಗಟ್ಟಿ ಬುನಾದಿ ಇದೆ. ಬೇಕಾಗಿರುವುದು ಪದಗಳ ಸೇತುವೆ. ಒಂದು ನೋಟ್‌ಬುಕ್ ಇಟ್ಟು, ಪಾಠಕ್ಕೆ ಹತ್ತು ಪದದಂತೆ ಎರಡೂ ಬರೆದುಕೊಳ್ಳಲಿ. ಜಡತ್ವ ಅಂದರೆ ಇನರ್ಷಿಯಾ. ಸಂವೇಗ ಅಂದರೆ ಮೊಮೆಂಟಮ್. ವೇಗೋತ್ಕರ್ಷ ಅಂದರೆ ಆಕ್ಸಿಲರೇಷನ್. ಅಂಗಾಂಶ ಅಂದರೆ ಟಿಶ್ಯೂ. ಪ್ರತಿ ಪದದ ಮುಂದೆ ತನ್ನದೇ ಒಂದು ಉದಾಹರಣೆ ಇರಲಿ. ಡ್ರೈವರ್ ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಅದು ಜಡತ್ವ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮದ ಪುಸ್ತಕ ಉಚಿತವಾಗಿ ಸಿಗುತ್ತವೆ. ಅದೇ ಪಾಠವನ್ನು ಇಂಗ್ಲಿಷ್‌ನಲ್ಲಿ ಒಂದು ಸಲ ಓದಲಿ. ಎರಡು ವರ್ಷ ಹೀಗೆ ಮಾಡಿದ ಮಕ್ಕಳು ಪಿಯುಸಿಯಲ್ಲಿ ಮೊದಲ ತಿಂಗಳ ಗಾಬರಿಯಿಂದ ಬೇಗ ಹೊರಗೆ ಬರುವುದನ್ನು ನಾನು ನೋಡಿದ್ದೇನೆ.

ನಮ್ಮ ಶಾಲೇಲಿ ಲ್ಯಾಬ್ ಸರಿಯಾಗಿಲ್ಲ. ಏನ್ ಮಾಡೋದು?

ಒಂಬತ್ತರ ಬಹಳಷ್ಟು ಚಟುವಟಿಕೆಗೆ ಅಡುಗೆಮನೆ ಸಾಕು. ಲೋಟದ ನೀರಿನ ಮಟ್ಟಕ್ಕೆ ಪೆನ್ನಲ್ಲಿ ಗುರುತು ಹಾಕಿ, ಸ್ವಲ್ಪ ಉಪ್ಪು ಕರಗಿಸಿ, ಮಟ್ಟ ಎಷ್ಟು ಏರಿತು ನೋಡಿ. ಮೊಟ್ಟೆ ಬರೀ ನೀರಲ್ಲಿ ಮುಳುಗಿ ಜಾಸ್ತಿ ಉಪ್ಪಿನ ನೀರಲ್ಲಿ ತೇಲುವುದನ್ನು ತೋರಿಸಿ. ಮಣ್ಣಿನ ಮಡಕೆಯ ನೀರು ಬೇಸಿಗೆಯಲ್ಲಿ ಯಾಕೆ ತಣ್ಣಗಿರುತ್ತದೆ ಅಂತ ಕೇಳಿ. ಈರುಳ್ಳಿ ಪೊರೆಯ ಜೀವಕೋಶ ನೋಡಲು ಮಾತ್ರ ಸೂಕ್ಷ್ಮದರ್ಶಕ ಬೇಕು. ಹತ್ತಿರದ ಕಾಲೇಜಿಗೆ ಒಂದು ಮಧ್ಯಾಹ್ನ ಕರೆದುಕೊಂಡು ಹೋಗಲು ವಿಜ್ಞಾನ ಶಿಕ್ಷಕರನ್ನು ಕೇಳಿ.

## ಭಾಷೆಗಳು

ಮನೇಲಿ ಕನ್ನಡವೇ ಮಾತಾಡೋದು. ಕನ್ನಡಕ್ಕೂ ಓದಬೇಕಾ? ಈ ಛಂದಸ್ಸು ಯಾಕೆ?

ಮಾತಾಡುವುದು ಬೇರೆ, ಬರೆಯುವುದು ಬೇರೆ. 125 ಅಂಕದ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುವವರು ಜಾಸ್ತಿ. ಆದರೆ ವ್ಯಾಕರಣಕ್ಕೆ ಹೆದರಬೇಕಿಲ್ಲ, ಅದು ಬಾಯಲ್ಲೇ ಇದೆ. ಊರು + ಅಲ್ಲಿ 'ಊರಲ್ಲಿ' ಆದರೆ ಲೋಪ ಸಂಧಿ. ಮನೆ + ಅನ್ನು 'ಮನೆಯನ್ನು' ಆದರೆ ಆಗಮ. ಮಳೆ + ಕಾಲ 'ಮಳೆಗಾಲ' ಆದರೆ ಆದೇಶ. ಮೂರೂ ಸಂಧಿಯನ್ನು ಮಗು ದಿನಾ ಆಡುತ್ತದೆ, ಹೆಸರು ಮಾತ್ರ ಹೊಸದು.

ಛಂದಸ್ಸಿಗೆ ನಮ್ಮ ಕನ್ನಡ ಶಿಕ್ಷಕರು ಒಂದು ಒಳ್ಳೆಯ ಉಪಾಯ ಮಾಡಿದರು. ಪ್ರಸ್ತಾರ ಹಾಕಿಸುವ, ಅಂದರೆ ಪದ್ಯದ ಅಕ್ಷರಗಳಿಗೆ ಗುರು ಲಘು ಗುರುತು ಹಾಕಿಸುವ ಬದಲು ಸಾಲು ಕಟ್ಟಿಸಿದರು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೆ ಮತ್ತು ಸೊನ್ನೆ ಇರುವುದಕ್ಕೆ ಎರಡು. 3, 4, 3, 4 ಬರಬೇಕು. ಮಕ್ಕಳು ಮೇಜು ಬಡಿಯುತ್ತಾ ಬಡಿಯುತ್ತಾ ಕಟ್ಟಿದ್ದು ಇದು:

ಮಳೆಯು ಬಂದಿತು ನಮ್ಮ ಊರಿಗೆ
ಬೆಳೆಯು ತೂಗಿತು ಹೊಲದ ತುಂಬಾ

ಎಣಿಸಿ ನೋಡಿ, ಎರಡರಲ್ಲೂ 14 ಮಾತ್ರೆ. ಎರಡನೇ ಅಕ್ಷರವೂ ಒಂದೇ, ಪ್ರಾಸ ತಾನಾಗೇ ಬಂದಿದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಮೊದಲ ಎರಡು ಸಾಲಿನ ನಡೆ ಇದೇ. ಆ ದಿನ ಅವರಿಗೆ ಹಳಗನ್ನಡ, ನಡುಗನ್ನಡ ದೂರದ್ದು ಅನ್ನಿಸಲಿಲ್ಲ. ಹಳೇ ಪದ್ಯವನ್ನು ಗಟ್ಟಿಯಾಗಿ ಓದಿಸಿ, ಅರ್ಥ ಆಮೇಲೆ.

ಹಿಂದೀಲಿ 'ಕಾ', 'ಕೀ' ಯಾವಾಗ್ಲೂ ತಪ್ಪುತ್ತೆ.

ಕನ್ನಡದಲ್ಲಿ ಪುಸ್ತಕವೂ ಮನೆಯೂ ನಪುಂಸಕಲಿಂಗ. ಹಿಂದಿಯಲ್ಲಿ ನಪುಂಸಕವೇ ಇಲ್ಲ. ಕಿತಾಬ್ ಸ್ತ್ರೀಲಿಂಗ, ಘರ್ ಪುಲ್ಲಿಂಗ. ಹಾಗಾಗಿ ಪದ ಕಲಿಯುವಾಗಲೇ ಜೋಡಿಯಾಗಿ ಕಲಿಯಲಿ: ಮೇರೀ ಕಿತಾಬ್, ಮೇರಾ ಘರ್.

ಇಂಗ್ಲಿಷ್ ಓದ್ತಾನೆ, ಆದ್ರೆ ಸ್ವಂತವಾಗಿ ಎರಡು ಸಾಲು ಬರೆಯೋಕೆ ಬರಲ್ಲ.

ದಿನಕ್ಕೆ ಐದು ವಾಕ್ಯ. ವಿಷಯ ಅವನ ದಿನವೇ ಆಗಿರಲಿ: ಎಷ್ಟು ಗಂಟೆಗೆ ಎದ್ದ, ಏನು ತಿಂದ, ಯಾರ ಜೊತೆ ಆಡಿದ. ತಪ್ಪಿದ್ದರೂ ಬರೆಯಲಿ. ಶಿಕ್ಷಕರು ವಾರಕ್ಕೊಮ್ಮೆ ಒಂದೇ ಬಗೆಯ ತಪ್ಪು ತಿದ್ದಿದರೆ ಸಾಕು. ಹಾಳೆ ತುಂಬಾ ಕೆಂಪು ಮಾಡಿದರೆ ಮಗು ಬರೆಯುವುದನ್ನೇ ಬಿಡುತ್ತದೆ.

## ಸಮಾಜ ವಿಜ್ಞಾನ

ಸಮಾಜ ಇಷ್ಟು ದಪ್ಪ ಇದೆ. ಹೇಗೆ ನೆನಪಿಟ್ಕೊಳ್ಳೋದು?

ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ: ಒಂದು ಪುಸ್ತಕದಲ್ಲಿ ಆರು ವಿಷಯ. ಎಲ್ಲವನ್ನೂ ಒಂದೇ ರೀತಿ ಓದಿದರೆ ಸುಸ್ತಾಗುತ್ತದೆ. ಭೂಗೋಳವನ್ನು ನಕ್ಷೆಯಿಂದ ಶುರುಮಾಡಿ. ಗೋಡೆಗೆ ಕರ್ನಾಟಕದ ನಕ್ಷೆ ಅಂಟಿಸಿ, ಪಶ್ಚಿಮ ಘಟ್ಟವನ್ನು ಹಸಿರು ಬಣ್ಣದಲ್ಲಿ ಎಳೆಯಿರಿ. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಆಗುಂಬೆಯಲ್ಲಿ ಸುರಿಯುತ್ತದೆ. ಘಟ್ಟ ದಾಟುವಷ್ಟರಲ್ಲಿ ನೀರು ಖಾಲಿ. ಅದಕ್ಕೇ ಚಳ್ಳಕೆರೆ ಕಡೆ ಮಳೆ ಕಡಿಮೆ. ಈ ಒಂದು ಗೆರೆ ಅರ್ಥವಾದರೆ ಉಳಿದದ್ದು ಅದರ ಹಿಂದೆ ಬರುತ್ತದೆ. ಶರಾವತಿ, ಕಾಳಿ, ನೇತ್ರಾವತಿ ಯಾಕೆ ಪಶ್ಚಿಮಕ್ಕೆ ಹರಿಯುತ್ತವೆ, ಕೃಷ್ಣೆ, ಕಾವೇರಿ ಯಾಕೆ ಪೂರ್ವಕ್ಕೆ, ಅಡಿಕೆ ಎಲ್ಲಿ, ಜೋಳ ಎಲ್ಲಿ, ಎಲ್ಲಾ.

ಇತಿಹಾಸಕ್ಕೆ ಇಸವಿಗಳ ಉದ್ದದ ಪಟ್ಟಿ ಬೇಡ. ನಿಮ್ಮ ಊರಿನ ಗುಡಿ, ಕೋಟೆ, ವೀರಗಲ್ಲು ಯಾವ ಕಾಲದ್ದು ಅಂತ ತಿಳಿದುಕೊಂಡು ಅಲ್ಲಿಂದ ಹಿಂದೆ ಮುಂದೆ ಹೋಗಿ. ವ್ಯವಹಾರ ಅಧ್ಯಯನಕ್ಕೆ ಅಮ್ಮನ ಬ್ಯಾಂಕ್ ಪಾಸ್‌ಬುಕ್ ಸಾಕು.

## ಮುಂದಿನ ದಾರಿ

ಸೈನ್ಸ್ ತಗೋಬೇಕು ಅಂದ್ರೆ ಒಂಬತ್ತರಲ್ಲಿ ಯಾವುದು ಗಟ್ಟಿ ಇರಬೇಕು?

ಗಣಿತದಲ್ಲಿ ಸಂಖ್ಯಾ ಪದ್ಧತಿ, ಬಹುಪದೋಕ್ತಿ, ನಿರ್ದೇಶಾಂಕ ರೇಖಾಗಣಿತ. ವಿಜ್ಞಾನದಲ್ಲಿ ಚಲನೆ, ಬಲ, ಪರಮಾಣು, ಜೀವಕೋಶ. ಗ್ರಾಫ್ ಓದುವುದು ಬರಲೇಬೇಕು, ಅಂದರೆ ವೇಗ ಮತ್ತು ಕಾಲದ ಗ್ರಾಫ್ ನೋಡಿ ಬಸ್ಸು ಯಾವಾಗ ನಿಂತಿತು ಅಂತ ಹೇಳಲು ಬರಬೇಕು. ಕಾಮರ್ಸ್‌ಗೆ ಶೇಕಡಾವಾರು ಮತ್ತು ಸಂಖ್ಯಾಶಾಸ್ತ್ರ ಬೇಕು. ಡಿಪ್ಲೊಮಾ, ಐಟಿಐ ಯೋಚನೆ ಇದ್ದವರೂ ಗಣಿತ ಬಿಡುವಂತಿಲ್ಲ. ಯಾವುದನ್ನು ಆರಿಸಬೇಕು ಅಂತ ಒಂಬತ್ತರಲ್ಲೇ ತೀರ್ಮಾನ ಮಾಡುವ ಅಗತ್ಯ ಇಲ್ಲ.

ಸ್ಟೇಟ್‌ನಿಂದ ಸಿಬಿಎಸ್‌ಇಗೆ ಹತ್ತರಲ್ಲಿ ಹಾಕಬಹುದಾ?

ಕಷ್ಟ. ಸಿಬಿಎಸ್‌ಇಯಲ್ಲಿ ಒಂಬತ್ತನೇ ತರಗತಿಯಲ್ಲೇ ಮಗುವಿನ ಹೆಸರು ನೋಂದಣಿ ಆಗುತ್ತದೆ. ವರ್ಗಾವಣೆಯಂಥ ಕಾರಣ ಇಲ್ಲದೆ ನೇರವಾಗಿ ಹತ್ತಕ್ಕೆ ಸೇರಿಸುವುದು ಸುಲಭ ಅಲ್ಲ. ಬದಲಾಯಿಸುವುದಾದರೆ ಒಂಬತ್ತಕ್ಕೆ ಮೊದಲೇ ಬದಲಾಯಿಸಿ. ನಮ್ಮ ಒಂಬತ್ತು, ಹತ್ತರ ಗಣಿತ, ವಿಜ್ಞಾನ ಪಠ್ಯ ಸಿಬಿಎಸ್‌ಇ ಶಾಲೆಗಳು ಬಳಸುವ ಎನ್‌ಸಿಇಆರ್‌ಟಿಯದ್ದನ್ನೇ ಅನುಸರಿಸುತ್ತದೆ. ಹಾಗಾಗಿ ಬರೀ ಆ ಎರಡು ವಿಷಯಕ್ಕಾಗಿ ಬೋರ್ಡ್ ಬದಲಾಯಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಟ್ಯೂಷನ್ ಬೇಕೇ ಬೇಕಾ?

ಎಲ್ಲರಿಗೂ ಬೇಡ. ಮೇಲಿನ ಐದು ಲೆಕ್ಕದಲ್ಲಿ ಎಡವಿದ ಮಗುವಿಗೆ ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಅದು ಅಕ್ಕ ಆಗಬಹುದು, ಚಿಕ್ಕಪ್ಪ ಆಗಬಹುದು. ನಲವತ್ತು ಮಕ್ಕಳ ಟ್ಯೂಷನ್ನಿನಲ್ಲಿ ಮತ್ತೆ ಒಂಬತ್ತರ ಪಾಠವನ್ನೇ ಓಡಿಸಿದರೆ ಏನೂ ಬದಲಾಗುವುದಿಲ್ಲ.

ಒಂಬತ್ತರಲ್ಲಿ ಫೇಲ್ ಮಾಡ್ತಾರಾ? ಟಿಸಿ ತಗೊಳ್ಳಿ ಅಂತಿದ್ದಾರೆ.

ಒಂಬತ್ತು ಶಿಕ್ಷಣ ಹಕ್ಕು ಕಾಯ್ದೆಯ ಹೊರಗೆ ಬರುವುದರಿಂದ ತೇರ್ಗಡೆ ತಾನಾಗೇ ಸಿಗುವುದಿಲ್ಲ. ಆದರೆ ಹತ್ತರ ಫಲಿತಾಂಶ ಕೆಡುತ್ತದೆ ಅನ್ನುವ ಭಯಕ್ಕೆ ಮಗುವನ್ನು ಹೊರಗೆ ಕಳಿಸುವುದು ಅನ್ಯಾಯ. ಹಾಗೆ ಒತ್ತಾಯ ಮಾಡಿದರೆ ಬರವಣಿಗೆಯಲ್ಲಿ ಕಾರಣ ಕೇಳಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ.

ಎರಡು ವರ್ಷದ ಹಿಂದೆ ಹಾಗೆ ಟಿಸಿ ಹಿಡಿದುಕೊಂಡು ಒಬ್ಬ ಹುಡುಗ ನಮ್ಮಲ್ಲಿಗೆ ಬಂದ. ಅಪ್ಪ ಬಾಗಿಲ ಹತ್ತಿರವೇ ನಿಂತಿದ್ದರು. ಜೂನ್ ಪೂರ್ತಿ ಅವನಿಗೆ ಭಿನ್ನರಾಶಿ ಹೇಳಿಕೊಟ್ಟೆ, ರೊಟ್ಟಿ ಮುರಿದು, ಪೇಪರ್ ಮಡಚಿ. ದಸರಾ ರಜೆಗೆ ಮೊದಲು ಬೋರ್ಡಿನ ಮೇಲೆ ಎರಡು ಚರಾಕ್ಷರದ ಸಮೀಕರಣ ಬರೆದು 'ಯಾರು ಬರ್ತೀರ?' ಅಂದಾಗ ಅವನು ಕೈ ಎತ್ತಿದ. ಸುಣ್ಣದ ಕಡ್ಡಿ ಕೊಟ್ಟೆ. ಗ್ರಾಫ್ ಎಳೆದು, ಮೂರು ಬಿಂದು ಗುರುತಿಸಿ, ಸ್ಕೇಲ್ ಇಟ್ಟು ನೇರ ಗೆರೆ ಎಳೆದ.